ಜಾತಕ ಕೂಡಿಬರಲಿಲ್ಲ

"ತನ್ಮಯಿ?"

ನರ್ಸ್ ಹೆಸರು ಕೂಗಿದ್ದೇ ತಡ, ಎದುರು ಸಾಲಿನಲ್ಲಿ ಕೂತಿದ್ದವನ ಕೈಯಿಂದ ಫೈಲ್ ಜಾರಿ ಬಿತ್ತು.

ತನ್ಮಯಿ ತಲೆಯೆತ್ತಿದಳು. ಶ್ರೀಹರಿ! ಎರಡು ವರ್ಷದ ಹಿಂದೆ ಫೋಟೋದಲ್ಲಿ ನೋಡಿದ್ದ ಅದೇ ಮುಖ. ಪಕ್ಕದಲ್ಲಿದ್ದ ಹಿರಿಯರು ಅವನ ತಂದೆಯೇ ಇರಬೇಕು. ಅವರ ಬಲಗೈ ತೊಡೆಯ ಮೇಲೆ ಸಣ್ಣಗೆ ನಡುಗುತ್ತಿತ್ತು.

ಅವಳ ಎದೆ ಧಸಕ್ಕೆನ್ನಬೇಕಿತ್ತು. ಏನೂ ಆಗಲಿಲ್ಲ. 'ಓ... ಇವನಾ' ಅಂದುಕೊಂಡಳು, ಅಷ್ಟೇ. ಡಾಕ್ಟರ್ ಬರುವುದು ಹತ್ತು ನಿಮಿಷ ತಡ ಎಂದು ನರ್ಸ್ ಹೇಳಿ ಹೋದಳು.

ಆದದ್ದಿಷ್ಟು. ಈ ಪರದೇಶದಲ್ಲಿ ಕನ್ನಡದವರಿಗೆಲ್ಲ ಸಂಬಂಧ ಕುದುರಿಸುವ ಬೋಲಿಂಗ್‌ಬ್ರೂಕ್‌ನ ವತ್ಸಲಾ ಆಂಟಿ ಇಬ್ಬರ ಜಾತಕವನ್ನೂ ತೋರಿಸಿ, ಮೂವತ್ತಾರಕ್ಕೆ ಇಪ್ಪತ್ತೆಂಟು ಗುಣ ಕೂಡಿದೆ ಎಂದು ಕುಣಿದಾಡಿ, ಫೋನಿನಲ್ಲಿ ಮಾತಾಡಿಕೊಳ್ಳಿ ಎಂದು ನಂಬರ್ ಕೊಡಿಸಿದ್ದರು. ಇಬ್ಬರೂ ಇಪ್ಪತ್ತು ನಿಮಿಷ ಮಾತಾಡಿದರು. ಮರುದಿನವೇ ಹುಡುಗನ ಕಡೆಯಿಂದ ಉತ್ತರ ಬಂತು. ಜಾತಕ ಕೂಡಿಬರಲಿಲ್ಲವಂತೆ!

ಇಪ್ಪತ್ತೆಂಟು ಗುಣ ಒಂದೇ ದಿನದಲ್ಲಿ ಎಲ್ಲಿಗೆ ಓಡಿಹೋದವೋ, ಆ ದೇವರೇ ಬಲ್ಲ. ತನ್ಮಯಿಗೆ ಮಾತ್ರ ಕಾರಣ ಗೊತ್ತಿತ್ತು. ತನ್ನ ದನಿ.

ಆಗಲೇ ಆರು ತಿಂಗಳಿಂದ ಅವಳ ದನಿ ತುಂಡು ತುಂಡಾಗಿ ಬರುತ್ತಿತ್ತು. ಟೆನ್ಷನ್, ಧ್ಯಾನ ಮಾಡು ಎಂದರು ಎಲ್ಲರೂ. ಕೊನೆಗೆ ನರರೋಗದ ಡಾಕ್ಟರೊಬ್ಬರು ಪತ್ತೆ ಮಾಡಿದರು. ಗಂಟಲಿನಲ್ಲಿ ದೋಷವಿಲ್ಲ, ಮಿದುಳಿನಿಂದ ಧ್ವನಿತಂತುಗಳಿಗೆ ಹೋಗುವ ಆಜ್ಞೆಯೇ ತಪ್ಪುತ್ತಿದೆ, ಅದಕ್ಕೆ ಅವು ನಡುನಡುವೆ ಗಕ್ಕನೆ ಬಿಗಿದುಕೊಳ್ಳುತ್ತವೆ ಎಂದರು. ಪೂರ್ತಿ ವಾಸಿಯಾಗುವುದಿಲ್ಲ. ಮೂರು ತಿಂಗಳಿಗೊಮ್ಮೆ ಕುತ್ತಿಗೆಗೆ ಬೋಟಾಕ್ಸ್ ಇಂಜೆಕ್ಷನ್. ಮೊದಲೆರಡು ವಾರ ಬರೀ ಪಿಸುಮಾತು, ಆಮೇಲೆ ಕೆಲವು ವಾರ ಸರಾಗ ಮಾತು, ಆಮೇಲೆ ಮತ್ತೆ ಅದೇ ಪಾಡು. ಇವತ್ತೂ ಆ ಇಂಜೆಕ್ಷನ್ನಿಗೇ ಬಂದಿದ್ದಳು.

ಹಾಗಾಗಿ ಅವಳು ಮಾತನ್ನೇ ಬಿಟ್ಟಿದ್ದಳು. ಇಟಾಸ್ಕಾದ ಆಫೀಸಿನಲ್ಲಿ ಎಲ್ಲವೂ ಚಾಟ್‌ನಲ್ಲೇ. ಮೈಸೂರಿನ ಅಮ್ಮನಿಗೆ ಬರೀ ಮೆಸೇಜ್. ದನಿ ಕೇಳಿದವರೆಲ್ಲ "ಪಾಪ, ಅಳ್ತಿದಾಳೆ" ಅನ್ನುತ್ತಿದ್ದರು. ಆದರೆ ಎರಡು ವರ್ಷದಿಂದ ಅವಳಿಗೆ ಒಂದು ಹನಿ ಕಣ್ಣೀರೂ ಬಂದಿರಲಿಲ್ಲ. ನೋವಿಲ್ಲ, ಕೋಪವಿಲ್ಲ. ಕೂತು ಕೂತು ಜೋಮು ಹಿಡಿದ ಕಾಲಿನ ಹಾಗೆ ಆಗಿತ್ತು ಮನಸ್ಸು.

ಶ್ರೀಹರಿ ತಂದೆಯ ಕೈಹಿಡಿದು ಅವಳ ಪಕ್ಕಕ್ಕೇ ಬಂದು ಕೂತ. ಪರಿಚಯ ಅವನೇ ಮಾಡಿಕೊಟ್ಟ. ತಂದೆ ದ್ವಾರಕಾನಾಥ, ಕೆಮಿಸ್ಟ್ರಿ ಲೆಕ್ಚರರ್ ಆಗಿದ್ದವರು. ಕೊನೇ ಬೆಂಚಿಗೂ ಕೇಳುವ ಗಂಟಲು. ಪಾರ್ಕಿನ್ಸನ್ ಬಂದ ಮೇಲೆ ಆ ದನಿ ಇಳಿದು ಹೋಯಿತು, ಅದಕ್ಕೇ ಇಲ್ಲಿ ಥೆರಪಿ. ಅಷ್ಟರಲ್ಲಿ ಅವರೇ ಏನೋ ಹೇಳಲು ಬಾಯಿ ತೆರೆದರು.

"ಅಪ್ಪಂಗೆ ನೀರು ಬೇಕಂತೆ" ಎಂದ ಶ್ರೀಹರಿ.

ಮುದುಕರು ತಲೆ ಅಲ್ಲಾಡಿಸಿದರು. ಹೊಸದಾಗಿ ಉಸಿರೆಳೆದುಕೊಂಡು, "ನೀರಲ್ಲ. ಇವ್ನು ಯಾವಾಗ್ಲೂ ಹೀಗೇ ಮಗಳೇ. ನನ್ ಮಾತೆಲ್ಲ ಇವನೇ ಮುಗಿಸ್ತಾನೆ" ಎಂದರು.

ತನ್ಮಯಿ ಫೋನ್ ತೆಗೆದು ಟೈಪ್ ಮಾಡಿ ಶ್ರೀಹರಿಯ ಮುಂದೆ ಹಿಡಿದಳು. 'ಜಾತಕ ಇನ್ನೂ ಕೂಡಿಬಂದಿಲ್ಲ. ಯಾಕೆ ಬಂದ್ರಿ?'

ಅವನ ಮುಖ ಕಪ್ಪಿಟ್ಟಿತು.

"ಜಾತಕ ಸರಿಯಾಗೇ ಇತ್ತು. ಸುಳ್ಳು ಹೇಳ್ದೆ. ಆವತ್ತು ಫೋನಲ್ಲಿ ನೀವು ಅಳ್ತಿದ್ರಿ... ಮನೆಯವ್ರ ಬಲವಂತಕ್ಕೆ ಒಪ್ಕೊಂಡಿದೀರ ಅಂದ್ಕೊಂಡೆ. ನೀವೇ ಬೇಡ ಅಂದ್ರೆ ಮನೇಲಿ ನಿಮ್ಮನ್ನ ಬೈತಾರೆ, ಜಾತಕದ ಮೇಲೆ ಹಾಕಿದ್ರೆ ಯಾರ ಮೇಲೂ ಮಾತು ಬರಲ್ಲ ಅಂತ..."

ಎರಡು ವರ್ಷ! ಅವನು ಅವಳನ್ನು ಕಾಪಾಡಿದೆನೆಂದು ಬೀಗುತ್ತಿದ್ದ. ಅವಳು ತನ್ನ ದನಿ ಯಾರಿಗೂ ಬೇಡ ಎಂದು ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಈಗಲೂ ಅವಳಿಗೆ ಏನೂ ಅನ್ನಿಸಲಿಲ್ಲ. 'ಇರಲಿ ಬಿಡಿ' ಎಂದು ಟೈಪ್ ಮಾಡತೊಡಗಿದಳು.

"ಆ ಕರಿಬೇವಿನ ಗಿಡ ಬದುಕ್ತಾ?" ಎಂದ ಅವನು.

ಅವಳ ಬೆರಳು ನಿಂತಿತು.

"ಮೊದಲ್ನೇ ಚಳಿಗೆ ಎಲೆಯೆಲ್ಲ ಉದುರ್ತು, ಹೀಟರ್ ಪಕ್ಕ ಇಟ್ಟಿದೀನಿ ಅಂದಿದ್ರಿ. ಪ್ರತಿ ಚಳಿಗಾಲದಲ್ಲೂ ನೆನಪಾಗತ್ತೆ. ನೀವೂ ನೆನಪಾಗ್ತೀರ. ವತ್ಸಲಾ ಆಂಟಿ ಆಮೇಲೆ ತೋರಿಸಿದ ಫೋಟೋ ಒಂದನ್ನೂ ನಾನು ನೋಡ್ಲಿಲ್ಲ."

ಅವಳು ಹೇಗೆ ಮಾತಾಡಿದಳು ಎನ್ನುವುದು ಎಲ್ಲರಿಗೂ ನೆನಪಿತ್ತು. ಏನು ಮಾತಾಡಿದಳು ಎನ್ನುವುದನ್ನು ನೆನಪಿಟ್ಟವನು ಇವನೊಬ್ಬ.

ಇಂದು ಅವಳ ದನಿ ತೀರಾ ಕೆಟ್ಟಿತ್ತು. ಒಂದು ತಿಂಗಳು ಕಾದರೆ ಇಂಜೆಕ್ಷನ್ನಿನ ಸರಾಗ ದನಿಯಲ್ಲೇ ಉತ್ತರ ಕೊಡಬಹುದು. ಈಗ ಮಾತಾಡಿದರೆ ಆವತ್ತಿನ ಅದೇ ದನಿ. 'ಇದನ್ನು ಕೇಳಿಸಿಕೊಳ್ಳಲಾಗದಿದ್ದರೆ ಎದ್ದು ಹೋಗಲಿ. ಈಗಲೇ ಹೋಗಲಿ.'

ಅವಳು ಫೋನ್ ಮಗುಚಿಟ್ಟಳು.

"ಬದು... ಬದು..."

"ಬದುಕಿಲ್ವಾ? ಛೆ, ಈ ಚಳಿಗೆ..."

ನಡುಗುವ ಕೈಯೊಂದು ಶ್ರೀಹರಿಯ ಮಂಡಿಯ ಮೇಲೆ ಬಿತ್ತು. "ಸುಮ್ನೆ ಕೇಳೋ" ಎಂದರು ದ್ವಾರಕಾನಾಥ. ಆ ಮಾತು ರಿಸೆಪ್ಷನ್‌ವರೆಗೂ ಕೇಳಿಸಿತು.

ಅವನು ಬಾಯಿ ಮುಚ್ಚಿದ. ಕಾದ.

"ಬದು...ಕಿದೆ. ಈಗ ನನ್... ನನ್ನ ಭುಜದಷ್ಟು... ಎತ್ತರ."

ಆ ನಾಲ್ಕು ಮಾತಿಗೆ ಎಷ್ಟು ಹೊತ್ತು ಹಿಡಿಯಿತೋ! ಅವನು ಒಂದಕ್ಷರವನ್ನೂ ತುಂಬಿಸಲಿಲ್ಲ, ಕಣ್ಣನ್ನೂ ಕದಲಿಸಲಿಲ್ಲ.

"ಆವತ್ತೇ ಕೇಳ್ಬೇಕಿತ್ತು, ಕೇಳ್ಲಿಲ್ಲ. ಈಗ ಕೇಳ್ತೀನಿ. ಅಳ್ತಿದೀರಾ?"

"ಆವತ್ತು... ಇಲ್ಲ."

ತನ್ಮಯಿ ಕೆನ್ನೆ ಮುಟ್ಟಿ ನೋಡಿಕೊಂಡಳು. ಕೈ ಒದ್ದೆಯಾಗಿತ್ತು.

"ಈಗ... ಹೌದು."

ನರ್ಸ್ ಮತ್ತೆ ಬಾಗಿಲಲ್ಲಿ ನಿಂತು ಕರೆದಳು. ತನ್ಮಯಿ ಎದ್ದಳು, ಎರಡು ಹೆಜ್ಜೆ ಹೋಗಿ ತಿರುಗಿದಳು.

"ಇನ್ನೆರ...ಡು ವಾರ... ಬರೀ ಪಿಸು...ಮಾತು. ಕೇ...ಳ್ಸಲ್ಲ."

ಅವಳು ಪೂರ್ತಿ ಮುಗಿಸುವವರೆಗೆ ಶ್ರೀಹರಿ ಕಾದ.

"ಹತ್ರ ಕೂತ್ಕೋತೀನಿ" ಎಂದ.