ಹಂಡೆಯೊಳಗಿನ ಕಪ್ಪು ದಾರ

ಎರಡನೆಯ ಲೋಟ ಖಾಲಿ ಮಾಡಿ ಮೀಸೆ ಒರೆಸಿಕೊಳ್ಳುವಾಗಲೇ ಹಲ್ಲಿನ ಡಾಕ್ಟರಿಗೆ ಓಕರಿಕೆ ಬಂತು. ಅದೇ ಹೊತ್ತಿಗೆ ಕಿತ್ತಳೆ ಶರಬತ್ತಿನ ಹಂಡೆಯ ತಳದಿಂದ ಸೌಟಿಗೆ ಉದ್ದನೆಯ ಕಪ್ಪು ದಾರವೊಂದು ಸಿಕ್ಕಿಕೊಂಡು ಮೇಲೆ ಬಂತು. ನೆಲ ಒರೆಸುವ ಬಟ್ಟೆಯ ದಾರ! ಶುಂಠಿಯ ಖಾರ ಅಷ್ಟು ಹೊತ್ತು ಮುಚ್ಚಿಟ್ಟಿದ್ದ ಫಿನಾಯಿಲಿನ ವಾಸನೆ ಈಗ ಗಪ್ಪೆಂದು ಮೂಗಿಗೆ ಅಡರಿತು.

ಕಟ್ಟಡದವರ ವರ್ಷಾಂತ್ಯದ ಪಾರ್ಟಿ ಅಲ್ಲಿಗೆ ಮುಗಿಯಿತು. ಜನ ಬೇಸಿನ್ನಿನ ಮುಂದೆ ನೂಕಾಡಿದರು. ತಾಳಲಾರದವರು ಹೂಕುಂಡಗಳಿಗೇ ಬಗ್ಗಿದರು. ಯಾರದೋ ಮಗು ತನ್ನ ಹೊಸ ಬೂಟಿನ ಮೇಲೆ ಕಾರಿಕೊಂಡು ಅಳುತ್ತಿತ್ತು. ದಿನವೂ ಹುಳುಕು ಬಾಯಿಗಳಿಗೆ ಮುಖವೊಡ್ಡಿ ಕೂರುವ ಡಾಕ್ಟರಿಗೂ ಇದು ಹೇಸಿಗೆಯೆನಿಸಿತು. ನಿವಾಸಿಗಳ ಸಂಘದ ಕಾರ್ಯದರ್ಶಿ ಮಾತ್ರ ತುಂಬಿದ ಲೋಟ ಹಿಡಿದು ನೆಟ್ಟಗೆ ನಿಂತಿದ್ದ.

"ಎಲ್ಲಾ ಇವಳದೇ ಕೆಲಸ!" ಅವನು ಕಟ್ಟಡದ ಅಡುಗೆಯಾಕೆಯತ್ತ ಬೆರಳು ಚಾಚಿದ. "ಒರೆಸೋ ಬಟ್ಟೆ ನೆನೆಹಾಕಿದ ಹಂಡೇನ ತೊಳೀದೆ ಶರಬತ್ತು ಸುರಿದಿದಾಳೆ. ನಾಳೆನೇ ಕೋಣೆ ಖಾಲಿ ಮಾಡ್ಲಿ. ಹೇಗಿದ್ರೂ ನನ್ನ ಭಾಮೈದ ಕೋಣೆ ಹುಡುಕ್ತಿದಾನೆ."

ಅಡುಗೆಮನೆಯ ಹಿಂದಿನ ಆ ಕೋಣೆ ಬಿಟ್ಟರೆ ಅಡುಗೆಯಾಕೆಗೂ ಅವಳ ತಂಗಿಗೂ ಬೇರೆ ಸೂರಿರಲಿಲ್ಲ. "ಹಂಡೆ ಉಜ್ಜಿ ತೊಳೆದಿದ್ದೀನಿ," ಎಂದು ಅವಳು ಅತ್ತಳು. "ಬಾಗಿಲು ಹಾಕ್ಕೊಂಡು ಶರಬತ್ತು ಮಾಡಿದ್ವಿ, ಆಮೇಲೆ ಬಟ್ಟೆ ಬದಲಾಯಿಸೋಕೆ ಇಬ್ರೂ ಕೋಣೆಗೆ ಹೋದ್ವಿ, ಅಷ್ಟೇ." ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. "ಥೂ, ಕೊಳಕಿ!" ಎಂದು ಒಬ್ಬಾಕೆ ಮುಖ ಸಿಂಡರಿಸಿದಳು.

ಡಾಕ್ಟರ ದೊಡ್ಡಮ್ಮ ಕುರ್ಚಿ ಎಳೆದುಕೊಂಡು ಕುಳಿತರು. ಕೋರ್ಟಿನಲ್ಲಿ ಶೀಘ್ರಲಿಪಿ ಬರೆದು ನಿವೃತ್ತರಾದವರು. ಕಟ್ಟಡದಲ್ಲಿ ಸೈಕಲ್ಲು ಕಳೆದರೂ ಬೆಕ್ಕು ಕಾಣೆಯಾದರೂ ಜನ ಅವರ ಬಾಗಿಲನ್ನೇ ತಟ್ಟುತ್ತಿದ್ದರು.

"ತೊಳೆದಿಲ್ಲ ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ಇವಳು ತಂಗಿಗೆ ಹೇಳಿದ್ದನ್ನ ಕಿವಿಯಾರೆ ಕೇಳಿದೀನಿ."

"ಅಂದದ್ದನ್ನ ಅಂದ ಹಾಗೇ ಹೇಳಿ. ಒಂದಕ್ಷರ ಆಚೀಚೆ ಆಗಬಾರದು."

"'ತೊಳೆಯೇನೂ ಬೇಡ, ಹಾಗೇ ಸುರಿ' ಅಂದ್ಲು. ನಾನು ಪೇಟೆಯಿಂದ ಬಂದಾಗ ನೀವೆಲ್ಲ ಕೂತಿದ್ರಿ, ಇವರು ಹಂಡೆ ಹೊತ್ತು ತರ್ತಿದ್ರು. ಆಗ ಕೇಳಿದ್ದು."

ದೊಡ್ಡಮ್ಮ ತಲೆಯಾಡಿಸಿ, ಡಾಕ್ಟರನ್ನು ಕರೆದುಕೊಂಡು ಅಡುಗೆಮನೆಗೆ ನಡೆದರು. ಪಕ್ಕದಲ್ಲೇ ಪೊರಕೆ, ಬಕೆಟ್ಟು ಇಡುವ, ಒಬ್ಬರು ನಿಲ್ಲಬಹುದಾದ ಗೂಡು. ನಡುವೆ ಬರೀ ಹಲಗೆಯ ಗೋಡೆ. ಡಾಕ್ಟರು ಗೂಡಿನೊಳಗೆ ನಿಂತರು. ಬಕೆಟ್ಟಿನ ಕರಿನೀರಿನಲ್ಲಿ ಒರೆಸುವ ಬಟ್ಟೆ ನೆನೆಯುತ್ತಿತ್ತು; ಅವರು ಮೂಗು ಮುಚ್ಚಿಕೊಂಡರು. ಆಚೆಯಿಂದ ದೊಡ್ಡಮ್ಮನ ಪಿಸುಮಾತು ಸ್ಪಷ್ಟವಾಗಿ ಕೇಳಿಸಿತು: "ಈ ಸಲ ಹಲ್ಲಿನ ಸಂದೀಲಿ ಏನಾದ್ರೂ ಸಿಕ್ಕೊಂಡಿತೇನೋ?"

"ಇಲ್ಲ ದೊಡ್ಡಮ್ಮ. ಹೋದ ವರ್ಷ ಮುದುಕರ ಕಟ್ಟಿಸಿದ ಹಲ್ಲಿಗೆಲ್ಲ ಕಿತ್ತಳೆ ಚೂರು ಸಿಕ್ಕಿ ರಂಪ ಆಗಿತ್ತಲ್ಲ, ಬರೀ ರಸ ಹಾಕಮ್ಮ ಅಂತ ಅಡುಗೆಯಾಕೆಗೆ ನಾನೇ ಹೇಳಿದ್ದೆ."

ದೊಡ್ಡಮ್ಮ ಎಲ್ಲರನ್ನೂ ಮತ್ತೆ ಸಭಾಂಗಣಕ್ಕೆ ಕರೆಸಿದರು.

"ಕಾರ್ಯದರ್ಶಿಗಳ ಕಿವಿ ಚುರುಕು. ಅಡುಗೆಯಾಕೆ ಆ ಮಾತು ಆಡಿದ್ದು ನಿಜ. ಆದ್ರೆ ಅವಳು ಹೇಳಿದ ತೊಳೆ ಕಿತ್ತಳೆಯ ತೊಳೆ. ತೊಳೆ ಹಾಕೋದೇನೂ ಬೇಡ, ರಸ ಮಾತ್ರ ಸುರಿ ಅಂದಳು. ಇವರು ಹಂಡೆ ತೊಳೆಯೋದು ಬೇಡ ಅಂತ ತಿಳ್ಕೊಂಡ್ರು."

"ತಪ್ಪು ಕೇಳಿಸ್ಕೊಳ್ಳೋದೂ ಅಪರಾಧವಾ?" ಎಂದು ಅವನು ನಕ್ಕ.

"ಅಲ್ಲ. ಆದ್ರೆ ತುಂಬಿದ ಹಂಡೆ ಹೊತ್ತು ತರೋವಾಗ 'ಸುರಿ' ಅಂತ ಯಾರು ಹೇಳ್ತಾರೆ? ಆ ಮಾತು ಬಂದಿದ್ದು ರಸ ಸುರಿಯೋವಾಗ, ಬಾಗಿಲು ಹಾಕಿದ ಅಡುಗೆಮನೆಯಲ್ಲಿ. ಅದು ಕೇಳಿಸೋದು ಪೊರಕೆ ಗೂಡಿಗೆ ಮಾತ್ರ. ಪೇಟೆಯಲ್ಲಿದ್ದವರು ಅಲ್ಲಿ ಏನು ಮಾಡ್ತಿದ್ರಿ? ಇವರಿಬ್ಬರೂ ಕೋಣೆಗೆ ಹೋಗಲಿ ಅಂತ ಕಾಯ್ತಿದ್ರಿ. ಬಕೆಟ್ಟು ಕೈಗೆ ಸಿಗೋ ಹಾಗೇ ಇತ್ತು." ದೊಡ್ಡಮ್ಮ ಅವನ ಲೋಟ ತೋರಿಸಿದರು. "ಮಕ್ಕಳೂ ಕುಡಿದ್ರು. ನೀವೊಬ್ರೇ ತುಟಿಗೆ ಸೋಕಿಸಲಿಲ್ಲ. ಈಗ ಕುಡೀರಿ, ನೋಡೋಣ."

ಅವನು ಲೋಟ ಕೆಳಗಿಟ್ಟ. "ಒಂದೇ ಮಗ್ಗು ಸುರಿದಿದ್ದು," ಎಂದು ಗೊಣಗಿದ. "ಅಷ್ಟಕ್ಕೆ ಯಾರೂ ಸಾಯ್ತಿರಲಿಲ್ಲ."

ಡಾಕ್ಟರಿಗೆ ಅವನ ಮುಖಕ್ಕೆ ಉಗಿಯಬೇಕೆನಿಸಿತು. ಆದರೆ ಅದಕ್ಕಿಂತ ಹೆಚ್ಚು ಅಸಹ್ಯ ಉಳಿದವರನ್ನು ನೋಡಿ ಆಯಿತು. "ನನಗೆ ಆಗ್ಲೇ ಅನುಮಾನ ಇತ್ತು," ಎಂದು ಒಬ್ಬರು, "ನಮ್ಮ ಅಡುಗೆಯಾಕೆ ಅಂಥವಳಾ?" ಎಂದು ಇನ್ನೊಬ್ಬರು. ಕೊಳಕಿ ಎಂದಿದ್ದಾಕೆಯೇ ಮುಂದೆ ಬಂದು ಅವಳ ಕೈ ಹಿಡಿದಳು. "ಕೋಣೆ ನಿಂದೇ ಕಣಮ್ಮ. ಬಾಯೆಲ್ಲ ಕೆಟ್ಟುಹೋಗಿದೆ, ಒಂಚೂರು ಬಿಸಿ ಕಾಫಿ ಮಾಡ್ತೀಯಾ?"

ಅಡುಗೆಯಾಕೆ ಕೈ ಬಿಡಿಸಿಕೊಂಡಳು. "ಇರ್ತೀನಿ. ಬೇರೆ ಎಲ್ಲಿಗೆ ಹೋಗ್ಲಿ? ನಾಳೆಯಿಂದ ಬೇಯಿಸಿಯೂ ಹಾಕ್ತೀನಿ. ಆದ್ರೆ ಇವತ್ತು ನಿಮ್ಮ ಮುಖ ನೋಡಿದ್ರೆ ವಾಂತಿ ಬರುತ್ತೆ," ಎಂದು ತಂಗಿಯ ಹೆಗಲ ಮೇಲೆ ಕೈಯಿಟ್ಟು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.