ವಹಾಬಣ್ಣನನ್ನು ಕೂಗಿ ಕರೆದವನು

"ಸಾಬ್ರಿಗೆ ಗೂಡು ಮುಟ್ಟಕ್ ಬುಡ್ಬ್ಯಾಡ ಕಣವ್ವಾ!"

ರಾಮನಗರದ ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ ಆ ಕೂಗು ಎದ್ದಾಗ, ಮಾಯಮ್ಮ ಮಾರಲು ತಂದ ಗೂಡಿನ ಜಾಲರಿಗೆ ಕೈ ಚಾಚಿದ್ದ ವಹಾಬ್ ಕೈಯನ್ನು ಹಿಂದಕ್ಕೆಳೆದುಕೊಂಡರು.

ದೂರದ ಯಾವುದೋ ಊರಿನಲ್ಲಿ ಮೆರವಣಿಗೆಯ ಮೇಲೆ ಕಲ್ಲು ಬಿದ್ದಿತ್ತು. ಆ ಸಿಟ್ಟು ಇಲ್ಲಿಗೂ ಹಬ್ಬಿ, ಗೂಡು ಕೊಂಡು ನೂಲು ತೆಗೆಯುವ ಮುಸ್ಲಿಂ ರೀಲರುಗಳಿಗೆ ಮಾಲು ಕೊಡಬಾರದೆಂದು ಕೆಲವರು ಕರಪತ್ರ ಹಂಚಿದ್ದರು. ವಹಾಬರ ಮನೆಯಲ್ಲಿ ನೂಲು ತೆಗೆಯುವ ಒಲೆ ಆರಿ ಹತ್ತು ದಿನವಾಗಿತ್ತು.

ಕೂಗಿದವರು ದೊಡ್ಡಹನುಮಯ್ಯ. ಸೋಮವಾರ ಅವರ ಮನೆಯವರು ಮಾಯಮ್ಮನನ್ನು ನೋಡಲು ಅವಳೂರು ವಿರೂಪಾಕ್ಷಿಪುರಕ್ಕೆ ಬರುವವರಿದ್ದರು. ವರ ಅವರ ಸೋದರಳಿಯ ನಂಜುಂಡಯ್ಯ.

ಅವನೂ ಅಲ್ಲೇ ನಿಂತಿದ್ದ! ಫೋಟೋದಲ್ಲಿ ಮಾತ್ರ ಕಂಡಿದ್ದ ಮುಖ... ಇಬ್ಬರ ಕಣ್ಣು ಕೂಡಿದವು. ಅವಳ ಎದೆ ಝಲ್ಲೆಂದಿತು.

"ನಮ್ಮನೆಗೆ ಬರೋ ಹೆಣ್ಣು ನೀನು. ಸಂಬಂಧ ಬೇಕೋ ಬ್ಯಾಡ್ವೋ?" ದೊಡ್ಡಹನುಮಯ್ಯ ಮತ್ತೆ ಕೂಗಿದರು.

ತನ್ನ ಅಪ್ಪ ತೀರಿಕೊಂಡ ದಿನ ಅಂಗಳದಲ್ಲಿ ಕೂತು ಮಗುವಿನಂತೆ ಅತ್ತವರು ಈ ವಹಾಬಣ್ಣನಲ್ಲವೇ?

"ಬೇಕು. ಅದ್ಕೂ ಗೂಡಿಗೂ ಏನ್ ಸಂಬಂಧ ದೊಡ್ಡಪ್ಪಾ?" ಎಂದವಳೇ ತಿರುಗಿದಳು. "ವಹಾಬಣ್ಣಾ, ಗೂಡ್ನ ಕಿವಿ ಹತ್ರ ಇಟ್ಕಂಡು ಅಲ್ಲಾಡ್ಸಿ ನೋಡಿ. ಒಳಗೆ ಹುಳ ಹೆಂಗೈತೆ ಹೇಳಿ."

"ಗಂಡ್ ದಿಕ್ಕಿಲ್ಲದ ಮನೇಲಿ ಬೆಳೆದದ್ದು, ಇನ್ನೆಂಗಿರ್ತದೆ!" ಯಾರೋ ನಕ್ಕರು.

ಒಂದೇ ಒಂದು ಮಾತು ಆಡಬಾರದೇ... ಅವಳ ಮನಸ್ಸು ನಂಜುಂಡಯ್ಯನನ್ನು ಬೇಡಿತು. ಅವನು ತಲೆ ತಗ್ಗಿಸಿ ತಾನು ಮಾರಲು ತಂದ ಗೂಡನ್ನು ಮೂಟೆ ಕಟ್ಟಿಕೊಂಡು ಬೆನ್ನು ತಿರುಗಿಸಿದ.

ಮಾಯಮ್ಮನ ಗೂಡನ್ನು ವಹಾಬರೇ ಕೊಂಡರು. ಚಹಾ ಕುಡಿದು ಹೋಗೆಂದು ಅವಳನ್ನು ಮನೆಗೂ ಕರೆದೊಯ್ದರು. ಅವರ ಹೆಂಡತಿ ಕರೀಮುನ್ನೀಸಾ ಲೋಟ ಕೈಗಿಡುವಾಗ ಹಿತ್ತಲ ಬಾಗಿಲು ಬಡಿದ ಸದ್ದಾಯಿತು.

ನಂಜುಂಡಯ್ಯ! ಹೆಗಲ ಮೇಲೆ ಮೂಟೆ.

"ವಹಾಬಣ್ಣಾ, ಇದ್ನಾದ್ರೂ ಇಟ್ಕಳಿ... ಒಲೆ ಹತ್ಲಿ," ಎನ್ನುತ್ತಾ ಒಳಗೆ ನೋಡಿ ಬೆಚ್ಚಿದ. "ಮಾಯಮ್ಮಾ... ಮನ್ಸಲ್ಲಿ ನಾನು ನಿಮ್ ಕಡೇನೇ ಇದ್ದೆ."

"ಮನ್ಸು ದೇವ್ರಿಗೆ ಕಾಣ್ತದೆ," ಅವಳ ದನಿ ಒಡೆಯಿತು. "ವಹಾಬಣ್ಣಂಗೆ ಕಂಡಿದ್ದು ನಿಮ್ಮ ಬೆನ್ನು!"

ವಹಾಬ್ ಮೂಟೆಯನ್ನು ಮುಟ್ಟಲಿಲ್ಲ. "ನೀನು ಒಳ್ಳೇವ್ನು ಕಣಪ್ಪ. ಆದ್ರೆ ನಾನು ಕಳ್ಳ ಅಲ್ಲ, ಹಿತ್ಲಿಂದ ಗೂಡು ತಗಳಕ್ಕೆ. ಮಾರ್ಕೆಟ್ನಾಗೆ ಒಂದ್ ಸಲ ಹೆಸರು ಹಿಡ್ದು ಕರೀ... ಸಾಕು."

ಅವನು ಮೂಟೆ ಹೊತ್ತು ಹೊರಟುಹೋದ. ಮುಗಿಯಿತು, ಅಂದುಕೊಂಡಳು ಮಾಯಮ್ಮ. ಕುಡಿಯದ ಲೋಟವನ್ನು ಕೆಳಗಿಟ್ಟು ಎದ್ದಳು.

ಬಸ್ಸು ಹತ್ತಿಸಲು ವಹಾಬ್ ಅವಳ ಜೊತೆ ಬಂದರು. ಮಾರ್ಕೆಟ್ಟಿನ ಗೇಟು ದಾಟುವಾಗ ಒಳಗಿಂದ ದೊಡ್ಡ ದನಿ ಕೇಳಿತು.

"ವಹಾಬಣ್ಣಾ! ಬನ್ನಿ... ನನ್ ಗೂಡು ನೋಡಿ!"

ಮಾರ್ಕೆಟ್ಟೇ ತಿರುಗಿ ನೋಡಿತು. ಕೂಗಿದವನು ನಂಜುಂಡಯ್ಯ!

"ಹೆಣ್ಣಿನ್ ಆಸೆಗೆ ಕುಣೀತಿದ್ದೀಯೇನ್ಲಾ?" ದೊಡ್ಡಹನುಮಯ್ಯ ಗದರಿದರು.

"ಅವ್ರು ನನ್ನ ಒಪ್ತಾರೋ ಇಲ್ವೋ ಗೊತ್ತಿಲ್ಲ ಮಾವ. ಬೆಳಿಗ್ಗೆ ಹೆದ್ರಿ ಸುಮ್ಕಿದ್ದೆ. ಅದು ತಪ್ಪು."

"ಹಂಗಾದ್ರೆ ನಿನ್ ಮದ್ವೆಗೆ ನಾವಿಲ್ಲ!"

ಅವರು ಹೊರನಡೆದರು. ಊರಿನ ಐದಾರು ಜನ ಹಿಂಬಾಲಿಸಿದರು. ವಹಾಬ್ ಒಳಗೆ ಬಂದು ಅವನ ಗೂಡಿನ ರಾಶಿಯಲ್ಲಿ ಕೈ ಇಟ್ಟವರು ಬಹಳ ಹೊತ್ತು ತೆಗೆಯಲೇ ಇಲ್ಲ. ಅವರ ಕಣ್ಣು ತುಂಬಿತ್ತು.

ಮಾಯಮ್ಮ ನಿಧಾನವಾಗಿ ನಂಜುಂಡಯ್ಯನ ಹತ್ತಿರ ಬಂದಳು.

"ಕೈ ನಡುಗ್ತಾ ಐತೆ ನಿಮ್ದು..."

"ಭಯ ಆಯ್ತು ಕಣ್ರೀ. ಈಗ್ಲೂ ಆಯ್ತಾ ಐತೆ."

"ನಂಗೂ ಬೆಳಿಗ್ಗೆ ಹಂಗೇ ಆಗಿತ್ತು."

ಅವನು ಮೆಲ್ಲಗೆ ನಕ್ಕ. "ಸೋಮವಾರ ನಿಮ್ಮನ್ನ ನೋಡಕ್ಕೆ ನಾನು, ನಮ್ಮವ್ವ ಇಬ್ರೇ ಬರೋದು. ಬರ್ಲಾ... ಬ್ಯಾಡ್ವಾ?"

ಅವಳು ಸೆರಗಿನ ತುದಿ ಹಿಡಿದು ತಲೆ ತಗ್ಗಿಸಿದಳು.

"ಬನ್ನಿ. ನೀವು ನೋಡೋದು ಬಾಕಿ ಇದ್ರೆ ನೋಡ್ಕಳಿ... ನಾನಂತೂ ನೋಡ್ಬುಟ್ಟೆ!"