ನೂರನೇ ಸವಾರಿಯ ಶಭಾಷ್

ಧಡ್!

ಬಾಗಿಲಿಗೆ ಮೊದಲನೇ ಒದೆ ಬಿತ್ತು.

ನಾನು ಫ್ರಿಜ್ಜನ್ನು ಬಾಗಿಲಿಗೆ ಅಡ್ಡ ತಳ್ಳುತ್ತಿದ್ದೆ. ಮೂರನೇ ಮಹಡಿಯ ಪುಟ್ಟ ಫ್ಲಾಟ್. ನನ್ನ ಹಿಂದೆ ಹಳೇ ಪೈಜಾಮ ಹಾಕಿಕೊಂಡು, ತಲೆಗೆ ಎಣ್ಣೆ ಮೆತ್ತಿಕೊಂಡು ಒಬ್ಬಳು ನಿಂತಿದ್ದಳು.

ಅಕ್ಕ!

ಹೌದು ಸಾರ್, ಅದೇ ಅಕ್ಕ. ಸ್ಕ್ರೀನ್ ಇರುವ ಆ ಎಕ್ಸರ್‌ಸೈಜ್ ಸೈಕಲ್ ನಿಮ್ಮ ಮನೆಯಲ್ಲೂ ಇತ್ತೇ? ಸೈಕಲ್ ಕೊಂಡರೆ ಸಾಲದು, ತಿಂಗಳು ತಿಂಗಳು ಕಟ್ಟಬೇಕು. ಕಟ್ಟಿದರೆ ಬೆಳಗ್ಗೆ ಅಕ್ಕ ಸ್ಕ್ರೀನಿನಲ್ಲಿ ಬಂದು ಸಾವಿರಾರು ಮನೆಗಳ ಜನರನ್ನು ಒಟ್ಟಿಗೆ ತುಳಿಸುತ್ತಿದ್ದಳು. ಸ್ಕ್ರೀನಿನಲ್ಲಿ ಆರಡಿ ಆಳಿನ ಹಾಗೆ ಕಾಣುತ್ತಿದ್ದವಳು ಎದುರಿಗೆ ನಿಂತರೆ ನನ್ನ ಭುಜಕ್ಕೆ ಬರುತ್ತಿದ್ದಳು. ಅವತ್ತು ನೆಗಡಿ ಬೇರೆ.

ಧಡ್! ಧಡ್!

ಅಕ್ಕ ಬಾಗಿಲಿನ ಕಿಂಡಿಗೆ ಕಣ್ಣಿಟ್ಟು ಹಿಂದೆ ಸರಿದಳು. "ಕಪಾಟು!"

ಕಪಾಟು ಎಂದರೆ ಆ ಸೈಕಲ್ ಕಂಪನಿಯ ಮಾಲೀಕನ ಬಂಟ. ಎತ್ತರ, ಅಗಲ, ಬುದ್ಧಿ... ಮೂರೂ ಕಪಾಟಿನದೇ. ಮಾಲೀಕನನ್ನು ಎಲ್ಲರೂ ಕೋಚ್ ಎನ್ನುತ್ತಾರೆ.

"ನಾನು ಇಲ್ಲಿರೋದು ನಮ್ಮ ಚಿಕ್ಕಮ್ಮನಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ. ಅವರು ಕೆಲಸಕ್ಕೆ ಹೋಗಿದಾರೆ." ಅಕ್ಕ ನನ್ನತ್ತ ತಿರುಗಿದಳು. "ಇವನಿಗೆ ಯಾರು ಹೇಳಿದ್ರು?"

ನಾನು ಫ್ರಿಜ್ಜಿಗೆ ಬೆನ್ನು ಕೊಟ್ಟೆ.

ಹೇಳಿದವನು ನಾನೇ ಸಾರ್!

"ಅಡುಗೆಮನೆಗೆ ಬಾಲ್ಕನಿ ಇದೆಯಾ?" ಎಂದೆ.

ಇತ್ತು. ಪಕ್ಕದ ಫ್ಲಾಟಿನ ಬಾಲ್ಕನಿಗೂ ಅದಕ್ಕೂ ಒಂದು ಮಾರು ದೂರ. ಕೆಳಗೆ ಸಿಮೆಂಟ್ ನೆಲ. ಅಕ್ಕ ಸಲೀಸಾಗಿ ಹಾರಿದಳು. ನಾನು ಹಾರಿದೆ... ಹೊಟ್ಟೆ ಕಂಬಿಗೆ ಸಿಕ್ಕಿಕೊಂಡಿತು. ಕಾಲು ಗಾಳಿಯಲ್ಲಿ!

"ಸೊಂಟ ನೆಟ್ಟಗೆ! ಉಸಿರು ಬಿಡಿ!" ಅಕ್ಕ ಅಭ್ಯಾಸಬಲದಿಂದ ಕೂಗಿ ನನ್ನ ಬೆಲ್ಟ್ ಹಿಡಿದು ಎಳೆದಳು.

ಅತ್ತ ಫ್ರಿಜ್ ಉರುಳಿದ ಸದ್ದಾಯಿತು. ಒಣಹಾಕಿದ್ದ ಬಟ್ಟೆಗಳ ನಡುವೆ ನುಗ್ಗಿ, ಬೆಪ್ಪಾಗಿ ನೋಡುತ್ತಿದ್ದ ಅಜ್ಜನಿಗೆ ನಮಸ್ಕಾರ ಹೇಳಿ, ಹಿಂದಿನ ಮೆಟ್ಟಿಲು ಇಳಿದು ನನ್ನ ಕಾರಿಗೆ ಬಿದ್ದೆವು.

"ತುಂಬಾ ಥ್ಯಾಂಕ್ಸ್ ರೀ," ಎಂದಳು ಅಕ್ಕ, ಮೂಗು ಒರೆಸಿಕೊಳ್ಳುತ್ತ. "ದೇವರು ಬಂದ ಹಾಗೆ ಬಂದ್ರಿ."

ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ.

ನಾನು ಅಲ್ಲಿಗೆ ಹೇಗೆ ಬಂದೆ ಎಂದು ಹೇಳಬೇಕು. ಇಲ್ಲದಿದ್ದರೆ ನೀವೂ ನನ್ನನ್ನು ದೇವರು ಎಂದುಕೊಂಡೀರಿ.

ಹಿಂದಿನ ವಾರ ಕೋಚ್ ಕರೆಸಿದ್ದ. ಗಾಜಿನ ಆಫೀಸು, ಅರ್ಧ ಖಾಲಿ. ಕುರ್ಚಿಗಳಿಗೆಲ್ಲ ಪ್ಲಾಸ್ಟಿಕ್ ಹೊದಿಸಿದ್ದರು.

"ಜನ ಮನೆಯೊಳಗೇ ಕೂತಿದ್ದಾಗ ನಮ್ಮ ಸೈಕಲ್‌ಗೆ ಕ್ಯೂ ನಿಂತಿದ್ರು," ಎಂದ ಕೋಚ್. "ಈಗ ಹೊರಗೆ ಓಡಾಡ್ತಾರೆ. ಸೈಕಲ್ ಮೇಲೆ ಒದ್ದೆ ಟವೆಲ್ ಒಣಗಿಸ್ತಾರೆ! ದಿನಾ ನೂರಾರು ಜನ ಕ್ಯಾನ್ಸಲ್ ಮಾಡ್ತಿದಾರೆ. ಒಂದು ದೊಡ್ಡ ಕಂಪನಿ ನಮ್ಮನ್ನ ಕೊಂಡ್ಕೊಳ್ತಿದೆ. ಇದೇ ಕೊನೇ ಚಾನ್ಸು. ಇಂಥ ಹೊತ್ತಲ್ಲಿ ಅಕ್ಕ ಕಾಣ್ತಿಲ್ಲ."

"ಯಾಕೆ?"

"ಟೆನ್ಷನ್ನು. ಪಾಪ, ಏನಾದ್ರೂ ಮಾಡ್ಕೊಂಡಾಳು. ಬೇಗ ಹುಡುಕಿ ಕೊಡಪ್ಪ."

ನಂಬಿದೆ. ನಂಬಿದೆ ಎನ್ನುವುದಕ್ಕಿಂತ, ನಂಬಿದರೆ ನನಗೆ ಅನುಕೂಲವಿತ್ತು. ಕಾಣೆಯಾದವರನ್ನು ಹುಡುಕುವುದು ನನ್ನ ಕಸುಬು. ಅವರು ಯಾಕೆ ಕಾಣೆಯಾದರು ಎಂದು ಕೇಳುತ್ತ ಕೂತರೆ ಈ ಕಸುಬು ನಡೆಯುವುದಿಲ್ಲ.

ಊರೆಲ್ಲ ಹುಡುಕಿದೆ. ಸುಳಿವೇ ಇಲ್ಲ. ಕೊನೆಗೆ ಸುಳಿವು ಸಿಕ್ಕಿದ್ದು ನನ್ನ ಮನೆಯಲ್ಲೇ!

ನನ್ನ ಹೆಂಡತಿಯ ಬಗ್ಗೆ ಒಂದು ಮಾತು. ಕಳೆದ ವರ್ಷ ಏಳನೇ ತಿಂಗಳಲ್ಲಿ ನಮ್ಮ ಮಗು ಹೊಟ್ಟೆಯಲ್ಲೇ ಹೋಯಿತು. ಅವಳು ಗೋಡೆಗೆ ಮುಖ ಮಾಡಿ ಮಲಗಿದವಳು ಏಳಲಿಲ್ಲ. ಡಾಕ್ಟರಾಯಿತು, ಅತ್ತೆಯಾಯಿತು, ನಾದಿನಿಯಾಯಿತು... ಯಾರ ಮಾತೂ ನಾಟಲಿಲ್ಲ. ಏನೂ ತೋಚದೆ ನಾನು ಆ ಸೈಕಲ್ ತಂದೆ. ಆರು ವಾರ ಅದು ಮೂಲೆಯಲ್ಲಿ ನಿಂತಿತ್ತು. ಒಂದು ಬೆಳಗ್ಗೆ ನಾನೇ ಸುಮ್ಮನೆ ಸ್ಕ್ರೀನ್ ಹಚ್ಚಿದೆ. ಅಕ್ಕನ ದನಿ ಬಂತು.

"ಏಳಮ್ಮಾ, ಏಳು! ಅಳೋದಿದ್ರೆ ತುಳೀತಾ ಅಳು!"

ಅವಳು ಎದ್ದಳು ಸಾರ್. ಅಳುತ್ತಲೇ ತುಳಿದಳು. ಸೈಕಲ್ಲಿನಲ್ಲಿ ತನಗೊಂದು ಹೆಸರಿಟ್ಟುಕೊಂಡಳು, ಬಿರುಗಾಳಿ ಎಂದು. ಆಮೇಲೆ ದಿನಾ ಅಕ್ಕ ಕೂಗುತ್ತಿದ್ದಳು, "ಬಿರುಗಾಳಿ, ಸೊಂಟ ನೆಟ್ಟಗೆ!" ನಮ್ಮ ಮನೆಯಲ್ಲಿ ಮತ್ತೆ ನಗು ಕೇಳಿಸಿದ್ದು ಹಾಗೆ.

ಅಕ್ಕ ರಜದಲ್ಲಿದ್ದಾಳೆ ಎಂದು ಕಂಪನಿ ಆ ವಾರ ಹಳೇ ಕ್ಲಾಸುಗಳನ್ನೇ ತೋರಿಸುತ್ತಿತ್ತು. ಫ್ರಿಜ್ ತಳ್ಳಿದ ಆ ದಿನವೇ ಬೆಳಗ್ಗೆ ನನ್ನ ಹೆಂಡತಿ ಬೆವರು ಸುರಿಸುತ್ತ ಸೈಕಲ್ಲಿನಿಂದ ಧುಮುಕಿದಳು.

"ರೀ! ಬನ್ನಿ ಇಲ್ಲಿ! ನನ್ನ ನೂರನೇ ಸವಾರಿಗೆ ಯಾರೋ ಶಭಾಷ್ ಕಳ್ಸಿದಾರೆ ನೋಡಿ!"

ಶಭಾಷ್ ಎಂದರೆ ಒಂದು ಗುಂಡಿ. ತುಳಿಯುತ್ತಿರುವವರು ಒಬ್ಬರಿಗೊಬ್ಬರು ಒತ್ತಬಹುದು, ಒಂದು ಸಾಲು ಬರೆಯಬಹುದು. ಕಳಿಸಿದವರ ಹೆಸರು ಚಿಟ್ಟೆ ಎಂದಿತ್ತು. ಕೆಳಗೆ, "ನೂರಾಯ್ತು ಕಣೇ! ಸೊಂಟ ನೆಟ್ಟಗೆ!"

"ಹೆಸರು ಬೇರೆ. ಮಾತು ಮಾತ್ರ ಅಕ್ಕಂದೇ!" ಅವಳ ಕಣ್ಣು ತುಂಬಿತ್ತು. "ಯಾರ ನೂರನೇ ಸವಾರೀನೂ ಅವರು ಮರೆತಿಲ್ಲ ರೀ. ರಜದಲ್ಲಿದ್ರೂ ನನ್ನ ನೆನಪಿಟ್ಕೊಂಡಿದಾರೆ!"

"ಹೌದಲ್ವಾ!" ಎಂದು ಅವಳ ಬೆನ್ನು ತಟ್ಟಿದೆ.

ಆಮೇಲೆ ಬಚ್ಚಲಿಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟು, ಕೋಚ್‌ಗೆ ಫೋನ್ ಮಾಡಿದೆ.

"ಚಿಟ್ಟೆ ಅನ್ನೋ ಹೆಸರಿನ ಸೈಕಲ್ ಯಾವ ಮನೇಲಿದೆ ನೋಡಿ."

ಯಾವ ಸೈಕಲ್ ಯಾವ ಮನೆಯಲ್ಲಿದೆ ಎಂದು ಕಂಪನಿಗೆ ಗೊತ್ತಿರುತ್ತದೆ. ಹೊರಗೆ ನನ್ನ ಹೆಂಡತಿ ಏನೋ ಹಾಡಿಕೊಳ್ಳುತ್ತಿದ್ದಳು. ವರ್ಷದ ಮೇಲೆ ಮೊದಲ ಸಲ. ಆ ಹಾಡು ಕೇಳುತ್ತಲೇ ನಾನು ಫೋನ್ ಇಟ್ಟೆ. ನನ್ನಂಥ ದರಿದ್ರದವನು ಇನ್ನೊಬ್ಬನಿಲ್ಲ ಸಾರ್.

ನನ್ನ ದುಡ್ಡು ಇಸಿದುಕೊಳ್ಳಲು ಕೋಚ್‌ನ ಆಫೀಸಿಗೆ ಹೋದೆ. ಬಾಗಿಲು ಓರೆಯಾಗಿತ್ತು. ಒಳಗೆ ಅವನು ಕಪಾಟಿಗೆ ಹೇಳುತ್ತಿದ್ದ.

"ಸಂಜೆ ನಾಲ್ಕಕ್ಕೆ ಸೈನ್ ಆಗುತ್ತೆ. ಅಲ್ಲಿವರೆಗೆ ಅವಳ ಬಾಯಿ ಮುಚ್ಚಿರಬೇಕು."

"ಆಮೇಲೆ?"

"ಆಮೇಲೂ ತೆರೀಬಾರದು."

ನಾನು ಮೆಟ್ಟಿಲು ಹೇಗೆ ಇಳಿದೆನೋ ತಿಳಿಯದು. ಚಿಟ್ಟೆಯ ವಿಳಾಸ ನನಗೂ ಕಳಿಸಿದ್ದರು. ಕಪಾಟಿಗಿಂತ ಎರಡು ಸಿಗ್ನಲ್ ಮುಂಚೆ ತಲುಪಿ ಬಾಗಿಲು ಬಡಿದೆ.

"ಅಕ್ಕಾ! ನಾನು ಬಿರುಗಾಳಿಯ ಗಂಡ! ತೆಗೀರಿ!"

ಆ ಹೆಸರು ಕೇಳಿ ತೆಗೆದಳು. ಉಳಿದದ್ದು ನಿಮಗೆ ಗೊತ್ತು.

ಕಾರಿನ ಕನ್ನಡಿಯಲ್ಲಿ ಬಿಳೀ ವ್ಯಾನ್ ಕಂಡಿತು. ಕಪಾಟು!

"ಪೊಲೀಸ್ ಸ್ಟೇಷನ್ನಿಗೆ ಬಿಡ್ಲಾ?"

"ಹೋಗಿದ್ದೆ. ಸೈಕಲ್ ತಾನಾಗೇ ತಿರುಗೋದು ಯಾವ ಅಪರಾಧ ಅಂತ ಕೇಳಿದ್ರು." ಅಕ್ಕ ಮುಂದೆ ಕೈ ತೋರಿಸಿದಳು. "ಎಡಕ್ಕೆ ತಿರುಗಿಸಿ! ರೈಲ್ವೆ ಗೇಟ್ ಆಚೆ ಕಂಪನಿ ಗೋಡೌನ್ ಇದೆ."

"ಹುಲಿ ಬಾಯಿಗೇ ಹೋಗೋಣ ಅಂತೀರಾ?"

"ನೀವೂ ನೋಡ್ಬೇಕು. ಎಲ್ಲಾರೂ ನೋಡ್ಬೇಕು."

ಗೇಟು ಇಳಿಯುತ್ತಿತ್ತು. ಆಕ್ಸಿಲರೇಟರ್ ಒತ್ತಿದೆ... ಕಂಬ ಕಾರಿನ ಬೆನ್ನು ಸವರಿಕೊಂಡು ಬಿತ್ತು! ವ್ಯಾನ್ ಆಚೆ ಉಳಿಯಿತು. ಗೂಡ್ಸ್ ರೈಲು. ಉದ್ದದ್ದು. ಆ ರೈಲಿನ ಡ್ರೈವರ್ ಹೊಟ್ಟೆ ತಣ್ಣಗಿರಲಿ!

ಗೋಡೌನಿನ ಪಕ್ಕದ ಬಾಗಿಲಿನ ಬೀಗವನ್ನು ಜಾಕ್ ರಾಡಿನಿಂದ ಮೀಟಿದೆ. ಒಳಗೆ ಕಾಲಿಟ್ಟು ಅಲ್ಲೇ ನಿಂತುಬಿಟ್ಟೆ.

ಸಾಲು ಸಾಲು ಸೈಕಲ್. ಜನ ಬೇಡವೆಂದು ವಾಪಸ್ ಕಳಿಸಿದವು. ಎಲ್ಲದರ ಸ್ಕ್ರೀನೂ ಉರಿಯುತ್ತಿತ್ತು. ಎಲ್ಲದರ ಪೆಡಲ್ಲೂ ತಿರುಗುತ್ತಿತ್ತು.

ಒಂದರ ಮೇಲೂ ನರಪಿಳ್ಳೆ ಇರಲಿಲ್ಲ!

ಪೆಡಲ್ಲಿಗೆ ಬೆಲ್ಟ್, ಬೆಲ್ಟಿಗೆ ಪುಟ್ಟ ಮೋಟರ್. ಗುಂಯ್ ಎನ್ನುವ ಸದ್ದು.

"ಕ್ಯಾನ್ಸಲ್ ಆದೋರ ಜಾಗಕ್ಕೆ ಇವು," ಎಂದಳು ಅಕ್ಕ. "ಕೊಳ್ಳೋ ಕಂಪನಿ ಲೆಕ್ಕ ನೋಡಿದ್ರೆ ಎಲ್ಲಾ ಮನೇಲೂ ತುಳೀತಿದಾರೆ! ನನಗೆ ಅನುಮಾನ ಬಂದಿದ್ದು ಹೆಂಗೆ ಗೊತ್ತಾ? ಕೆಲವರು ಒಂದೇ ವೇಗದಲ್ಲಿ ತುಳೀತಾನೇ ಇದ್ರು. ಮನುಷ್ಯರು ನೀರು ಕುಡಿಯೋಕಾದ್ರೂ ನಿಲ್ತಾರಲ್ವಾ? ತಿಂಗಳುಗಟ್ಲೆ ನಾನು ಮೋಟರ್‌ಗಳಿಗೆ ಹುರುಪು ತುಂಬ್ತಿದ್ದೆ ಕಣ್ರೀ..."

ಅವಳು ಒಂದು ಮೋಟರಿನ ಬೆಲ್ಟ್ ಕಿತ್ತೆಸೆದಳು.

"ಈಗೇನ್ಮಾಡ್ತೀರಿ?"

"ಕ್ಲಾಸ್ ತಗೋತೀನಿ. ನನ್ನ ಲಾಗಿನ್ ಇನ್ನೂ ಇದೆ. ಮುಚ್ಚಿದ್ರೆ ನಾನು ಓಡಿಹೋಗಿದ್ದು ಕೊಳ್ಳೋರಿಗೆ ಗೊತ್ತಾಗುತ್ತಲ್ಲ. ಅವರ ಮೀಟಿಂಗ್ ರೂಮಲ್ಲೂ ಒಂದು ಸೈಕಲ್ ಇಟ್ಟಿದಾರೆ. ಎಲ್ಲಾ ಕಡೆ ಕಾಣುತ್ತೆ." ಅವಳು ನನ್ನ ಮುಖ ನೋಡಿದಳು. "ಆದ್ರೆ ಇದಾದ ಮೇಲೆ ಕಂಪನಿ ಉಳಿಯಲ್ಲ. ನಿಮ್ಮನೆ ಸ್ಕ್ರೀನೂ ಆರಿಹೋಗುತ್ತೆ. ಬಿರುಗಾಳಿ ಏನಂತಾಳೆ?"

ಅವಳನ್ನು ಕೇಳುವ ಮುಖ ನನಗೆಲ್ಲಿತ್ತು?

"ಶುರು ಮಾಡಿ," ಎಂದೆ.

ಮೋಟರ್ ಕಿತ್ತ ಒಂದು ಸೈಕಲ್ ಏರಿ ಅಕ್ಕ ಲಾಗಿನ್ ಆದಳು. ಅಷ್ಟರಲ್ಲಿ ಹೊರಗೆ ವ್ಯಾನ್ ಕಿರ್ರೆಂದು ನಿಂತಿತು.

ಕಪಾಟು ಒಳಗೆ ಬಂದ. ಕೈಯಲ್ಲಿ ಕಬ್ಬಿಣದ ಪೈಪು!

ನಾನು ಜಾಕ್ ರಾಡ್ ಹಿಡಿದು ಅಡ್ಡ ನಿಂತೆ. ಅವನು ಬೀಸಿದ. ತಲೆ ತಗ್ಗಿಸಿದೆ. ಹಿಂದಿದ್ದ ಸ್ಕ್ರೀನ್ ಪುಡಿ! ನಾನು ಅವನ ಮೊಣಕಾಲಿಗೆ ಕೊಟ್ಟೆ. ಕಪಾಟು ಅಲುಗಲಿಲ್ಲ. ಎರಡನೇ ಏಟು ನನ್ನ ಭುಜಕ್ಕೆ ಬಿತ್ತು. ಮೂಳೆ ಲಟ್ ಎಂದಿತು. ನಾನು ನೆಲಕ್ಕೆ ಉರುಳಿದೆ.

"ಎಲ್ಲಾರಿಗೂ ನಮಸ್ಕಾರ!" ಅಕ್ಕನ ದನಿ. "ಇವತ್ತು ತಲೆ ಬಾಚಿಲ್ಲ, ಬೈಬೇಡಿ. ನಿಮ್ಮ ಜೊತೆ ದಿನಾ ತುಳಿಯೋರು ಯಾರು ಅಂತ ತೋರಿಸ್ತೀನಿ..."

ಅವಳು ಸ್ಕ್ರೀನನ್ನು ಸಾಲುಗಳ ಕಡೆಗೆ ತಿರುಗಿಸಿದಳು. ಅದರ ಕ್ಯಾಮೆರಾಗೆ ಖಾಲಿ ಸೀಟುಗಳು ಕಂಡವು. ತಿರುಗುವ ಪೆಡಲ್ಲುಗಳು ಕಂಡವು. ಅವುಗಳ ಮುಂದೆ ಪೈಪ್ ಎತ್ತಿ ನಿಂತ ಕಪಾಟೂ ಕಂಡ!

ಗೋಡೌನಿನ ಅಷ್ಟೂ ಸ್ಕ್ರೀನುಗಳಲ್ಲಿ ಅವನದೇ ಮುಖ ಮೂಡಿತು. ಎಡಕ್ಕೆ ನೋಡಿದ, ಕಪಾಟು. ಬಲಕ್ಕೆ ನೋಡಿದ, ಕಪಾಟು. ಎತ್ತಿದ ಪೈಪು ಇಳಿಯಲಿಲ್ಲ.

"ನಿಮ್ಮನ್ನ ಮನೆ ಮನೇಲೂ ನೋಡ್ತಿದಾರೆ ಅಣ್ಣಾ," ಎಂದಳು ಅಕ್ಕ, ತಣ್ಣಗೆ. "ನಿಮ್ಮ ತಾಯಿ ಹತ್ರಾನೂ ನಮ್ಮ ಸೈಕಲ್ ಇದೆ ಅಲ್ವಾ?"

ಪೈಪು ಠಣ್ಣೆಂದು ಬಿತ್ತು. ಕಪಾಟು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಓಡಿದ. ದಾರಿಯಲ್ಲಿ ಎರಡು ಸೈಕಲ್ ಕೆಡವಿದ.

ಆಮೇಲೆ ಪೊಲೀಸರು ಬರುವವರೆಗೆ ನಾವಿಬ್ಬರೂ ನೆಲದ ಮೇಲೆ ಕೂತಿದ್ದೆವು. ಸ್ಕ್ರೀನ್ ಆರಿಸಿ ಅಕ್ಕ ನನ್ನ ಭುಜಕ್ಕೆ ಟವೆಲ್ ಕಟ್ಟಿದಳು.

"ಅಕ್ಕಾ... ನಿಮಗೊಂದು ವಿಷಯ ಹೇಳಬೇಕು."

"ಗೊತ್ತು."

"ಏನು ಗೊತ್ತು?"

"ಚಿಕ್ಕಮ್ಮನ ಮನೆಗೆ ಹೋದ ಮೇಲೆ ಅವರ ಸೈಕಲ್ಲಿಂದ ನಾನು ಕಳಿಸಿದ್ದು ಒಂದೇ ಒಂದು ಶಭಾಷ್. ನಿಮ್ಮನೆಗೆ. ನೀವು ಬಾಗಿಲಲ್ಲಿ ಬಿರುಗಾಳಿ ಗಂಡ ಅಂದಾಗ್ಲೇ ಗೊತ್ತಾಯ್ತು." ಅವಳು ಗಂಟು ಬಿಗಿ ಮಾಡಿದಳು. ಬೇಕೆಂದೇ, ಜೋರಾಗಿ!

"ಮತ್ತೆ... ನನ್ನ ಜೊತೆ ಯಾಕೆ ಬಂದ್ರಿ? ಥ್ಯಾಂಕ್ಸ್ ಯಾಕೆ ಹೇಳಿದ್ರಿ?"

"ಕಾರು ನಿಮ್ಮ ಹತ್ರ ಇತ್ತಲ್ಲ." ಟವೆಲ್ಲಿನ ತುದಿ ಸಿಕ್ಕಿಸಿ ಕೇಳಿದಳು, "ಅವಳಿಗೆ ನೀವೇ ಹೇಳ್ತೀರೋ, ನಾನು ಹೇಳಲೋ?"

ನಾನೇ ಹೇಳಿದೆ ಸಾರ್. ಅದೇ ಸಂಜೆ, ಕೈ ಕಟ್ಟು ಹಾಕಿಸಿಕೊಂಡು ಬಂದು. ಬಚ್ಚಲು, ನಲ್ಲಿ, ಫೋನ್... ಒಂದನ್ನೂ ಬಿಡಲಿಲ್ಲ. ಅವಳು ಕೂಗಾಡಲಿಲ್ಲ.

"ನನಗೆ ಅಷ್ಟು ದಿನದ ಮೇಲೆ ಒಂದು ಖುಷಿ ಆಗಿತ್ತು," ಎಂದಳು. "ಮಾರೋಕೆ ನಿಮಗೆ ಅದೇ ಬೇಕಿತ್ತಾ?"

ಪೈಪಿನ ಏಟು ಆರು ವಾರದಲ್ಲಿ ವಾಸಿಯಾಯಿತು. ಇದು ಇನ್ನೂ ಆಗಿಲ್ಲ.

ಕೋಚ್ ಜಾಮೀನಿನ ಮೇಲೆ ಹೊರಗಿದ್ದಾನೆ. ಕೊಳ್ಳುವವರು ಅವತ್ತೇ ಎದ್ದು ಹೋದರು. ಕಂಪನಿ ಮುಚ್ಚಿತು, ಸ್ಕ್ರೀನುಗಳು ಸತ್ತವು. ವರ್ಷದ ಹಣ ಮುಂಗಡ ಕಟ್ಟಿದ್ದವರು ಶಾಪ ಹಾಕಿದ್ದು ಕೋಚ್‌ಗಲ್ಲ, ಅಕ್ಕನಿಗೆ. ಅವಳಿಗೆ ಇನ್ನೂ ಕೆಲಸ ಸಿಕ್ಕಿಲ್ಲ. ಇಂಥ ಕಂಪನಿಗಳು ಇನ್ನೂ ಎರಡೋ ಮೂರೋ ಉಳಿದಿವೆ, ಅವೂ ಎಷ್ಟು ದಿನವೋ! ಅವರು ಅವಳ ಹೆಸರು ಕೇಳಿದರೆ ಬಾಗಿಲು ಹಾಕಿಕೊಳ್ಳುತ್ತಾರೆ.

ಇದನ್ನೆಲ್ಲ ನಿಮಗೆ ಯಾಕೆ ಹೇಳಿದೆ ಎಂದರೆ, ನೀವೂ ಅಂಥದೇ ಒಂದು ಕಂಪನಿಯಿಂದ ಬಂದಿದ್ದೀರಿ. ನಿಮ್ಮ ಅಕೌಂಟ್ಸ್ ಹುಡುಗಿ ಕಾಣೆಯಾಗಿದ್ದಾಳೆ ಎನ್ನುತ್ತೀರಿ. ಪಾಪ, ಟೆನ್ಷನ್ ಎನ್ನುತ್ತೀರಿ. ಹುಡುಕಿಕೊಡು ಎನ್ನುತ್ತೀರಿ.

ಹುಡುಕಬಲ್ಲೆ. ಆದರೆ ಈಗ ಇಲ್ಲಿ ಒಂದು ಹೊಸ ಕಟ್ಟಳೆ ಇದೆ. ಕಾಣೆಯಾದವರು ಯಾಕೆ ಕಾಣೆಯಾದರು ಎಂದು ಮೊದಲು ಹೇಳಬೇಕು. ಒಳಕೋಣೆಯಲ್ಲಿ ನನ್ನ ಹೆಂಡತಿ ಸತ್ತ ಸ್ಕ್ರೀನಿನ ಮುಂದೆ ತುಳಿಯುತ್ತಿದ್ದಳು, ಕೇಳಿಸುತ್ತಿತ್ತಲ್ಲ? ಈಗ ನಿಲ್ಲಿಸಿದ್ದಾಳೆ. ಬಾಗಿಲಿಗೆ ಕಿವಿ ಕೊಟ್ಟಿರುತ್ತಾಳೆ.

ಹೇಳಿ ಸಾರ್, ಆ ಹುಡುಗಿ ಯಾಕೆ ಓಡಿಹೋದಳು? ಸ್ವಲ್ಪ ಜೋರಾಗಿ ಹೇಳಿ. ನೀವು ಸುಳ್ಳು ಹೇಳಿದರೆ ನಾನು ನಂಬಿಬಿಡುತ್ತೇನೆ... ಒಳಗಿರುವ ನನ್ನ ಹೆಂಡತಿ ನಂಬುವುದಿಲ್ಲ!